ರಸೀದಿಗೆ ಮತಪತ್ರವಾಗುವ ಆಸೆ

ಕನಕಪುರ ರಸ್ತೆ, ತಲಘಟ್ಟಪುರ. ಮೆಟ್ರೊ ನಿಲ್ದಾಣದಿಂದ ಕೂಗಳತೆ ದೂರದ ಒಂದು ಮನೆಯ ಬೀರುವಿನಲ್ಲಿ, ಖಾತಾ ನಕಲಿಗೂ ಗ್ಯಾಸ್ ಪುಸ್ತಕಕ್ಕೂ ನಡುವೆ ಸಿಕ್ಕಿಕೊಂಡಿದ್ದ ಆಸ್ತಿ ತೆರಿಗೆ ರಸೀದಿಯವರು ಮಾತಿಗೆ ಸಿಕ್ಕರು. ಮಡಿಕೆ ಬಿಡಿಸಿದ್ದಕ್ಕೆ ಮೊದಲು ಥ್ಯಾಂಕ್ಸ್ ಹೇಳಿದರು.

ಪ್ರಶ್ನೆ: ತಮ್ಮ ಪರಿಚಯ?

ರಸೀದಿ: ಅಪ್ಪ ಪಂಚಾಯಿತಿ ರಸೀದಿ. ನಾನು ಬಿಬಿಎಂಪಿ. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ಒಡೆದು 5 ಪಾಲಿಕೆ ಮಾಡಿದ್ರು, ಹಾಗಾಗಿ ಮಕ್ಕಳಿಗೆ ಇನ್ನೊಂದು ಮನೆತನದ ಹೆಸರು. ಕಸುಬು ಮಾತ್ರ ಮೂರು ತಲೆಮಾರಿಗೂ ಒಂದೇ.

ಪ್ರಶ್ನೆ: ಇತ್ತೀಚೆಗೆ ಬೇಜಾರಿನಲ್ಲಿದ್ದೀರಂತೆ?

ರಸೀದಿ: ಬೇಜಾರಲ್ಲ ಸಾರ್, ಹೊಟ್ಟೆಕಿಚ್ಚು. ನಮ್ಮ ಯಜಮಾನ್ರ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಮೊನ್ನೆ ವಿಡಿಯೊ ಕಾಲಿನಲ್ಲಿ ಅಲ್ಲಿನ ಮತಪತ್ರದ ಮಾದರಿ ತೋರಿಸಿದ್ಲು. ಅಲ್ಲಿ ಶಾಲೆ ಕಟ್ಟೋಕೆ ಬಾಂಡ್ ಸಾಲ ಎತ್ತಬೇಕಾದ್ರೆ ಶಾಲಾ ಜಿಲ್ಲೆಯೋರು ಜನರ ಓಟು ಕೇಳಬೇಕು. ಕೇಳಿದ್ರೂ ಸಾಲದು, 2019ರ ಕಾನೂನಿನ ಪ್ರಕಾರ ಮತಪತ್ರದ ಮೇಲೆ ದೊಡ್ಡಕ್ಷರದಲ್ಲಿ ‘ಇದು ಆಸ್ತಿ ತೆರಿಗೆ ಹೆಚ್ಚಳ’ ಅಂತ ಅಚ್ಚು ಹಾಕಬೇಕು.

ಪ್ರಶ್ನೆ: ತೆರಿಗೆ ದರ ಏರದಿದ್ದರೂ?

ರಸೀದಿ: ಏರದಿದ್ರೂ ಹಾಕಲೇಬೇಕು. ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ ಇರುತ್ತಲ್ಲ, ಹಾಗೆ. ಶಾಲೆ ನಡೆಸೋರಿಗೆ ಅದೇ ಸಂಕಟ. ಕೊಠಡಿ ಬೇಕು ಅಂತ ಕೇಳೋದಕ್ಕೆ ಮೊದಲೇ ಜನ ಹೆದರಿ ‘ಬೇಡ’ ಒತ್ತಿಬಿಟ್ರೆ? ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಥರ. ಎಷ್ಟು ದುಡ್ಡು, ಯಾವ ದರ, ಎಷ್ಟು ವರ್ಷ, ಎಲ್ಲ ಹೇಳಬೇಕು, ಪ್ರಶ್ನೆ ಮಾತ್ರ 75 ಪದ ದಾಟಬಾರದು. ಒಂದೊಂದು ಪದಕ್ಕೂ ವಕೀಲರು ಕೂತು ಜಗಳ ಆಡ್ತಾರಂತೆ. ನನ್ನ ಮೇಲೂ ಪದಗಳಿವೆ ಸಾರ್. ಯಾರಾದ್ರೂ ಒಂದು ಸಲ ಜಗಳ ಆಡಿದ್ದಾರಾ?

ಪ್ರಶ್ನೆ: ಅಷ್ಟಕ್ಕೂ ನಿಮ್ಮ ಮೇಲೆ ಏನಿದೆ?

ರಸೀದಿ: ತೆರಿಗೆ 10,000 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದ್ರೆ 1,500. ಗ್ರಂಥಾಲಯ ಕರ ಶೇ 6, 600. ಭಿಕ್ಷುಕರ ಕರ ಶೇ 3, 300. ಒಟ್ಟು ಶೇ 24. ಒಂದೊಂದಕ್ಕೂ ಒಂದೊಂದು ಕಾಯ್ದೆ: 1962, 1965, 1975. ನಮ್ಮ ಯಜಮಾನ್ರು ವರ್ಷಕ್ಕೆ 600 ರೂಪಾಯಿ ಲೈಬ್ರರಿಗೆ ಕೊಡ್ತಾರೆ; ಹತ್ತಿರದ ಲೈಬ್ರರಿ ಎಲ್ಲಿದೆ ಅಂತ ಕೇಳಿ ನೋಡಿ, ಗೂಗಲ್ ತೆಗೀತಾರೆ. ಆ ದುಡ್ಡು ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪದೆ ಪಾಲಿಕೆಯಲ್ಲೇ ಬಾಕಿ ಕೂತಿರೋ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತೆ. ಆ ಪೇಪರ್ ಓದೋಕೂ ಲೈಬ್ರರಿಗೇ ಹೋಗಬೇಕು.

ಪ್ರಶ್ನೆ: ಶಾಲೆಗೆ ಏನೂ ಇಲ್ಲವೇ?

ರಸೀದಿ: ಪಂಚಾಯಿತಿ ರಸೀದಿಗಳ ಮೇಲೆ ಶಿಕ್ಷಣ ಕರ ಶೇ 10 ಇದೆ. ಇನ್ನು ದಿಲ್ಲಿಯ ದೊಡ್ಡಪ್ಪನ ವಿಷಯ, ಅಂದ್ರೆ ಆದಾಯ ತೆರಿಗೆ ಮೇಲೆ ಕೇಂದ್ರ ಹಾಕೋ ಶಿಕ್ಷಣ ಕರ. 2004ರಲ್ಲಿ ಶೇ 2, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ ಇನ್ನೊಂದು 1, 2018ರಲ್ಲಿ ಆರೋಗ್ಯವನ್ನೂ ಕಟ್ಟಿಕೊಂಡು 4. ಆ ಇನ್ನೊಂದು 1 ಇದೆಯಲ್ಲ, ಅದನ್ನ ಹಾಕೋ ನಿಧಿಗೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಹತ್ತು ವರ್ಷ ಹುಂಡಿಯೇ ಇಲ್ಲದೆ ಕಾಣಿಕೆ ಎತ್ತಿದ್ರು. ಆ ಕರದಲ್ಲಿ ರಾಜ್ಯಗಳಿಗೆ ಪಾಲೂ ಇಲ್ಲ.

ಪ್ರಶ್ನೆ: ಜನರನ್ನು ನೇರವಾಗಿ ಕೇಳಿದ ಉದಾಹರಣೆ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುತ್ತೀರಾ?

ರಸೀದಿ: ಒಂದಿದೆ, ಪಾಪ. 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸ್ತು. ಸರ್ಕಾರಿ ಶಾಲೆ ಮಕ್ಕಳ ತಂದೆತಾಯಿಯರಿಂದ ಶಾಲಾಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿಯವರು ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೀಬಹುದು, ಅದೂ ಅವರಾಗಿ ಇಷ್ಟಪಟ್ಟು ಕೊಟ್ರೆ ಅಂತ. ಗಲಾಟೆ ಆಯ್ತು, ಕೆಲವೇ ದಿನಕ್ಕೆ ವಾಪಸ್ ಹೋಯ್ತು.

ಪ್ರಶ್ನೆ: ಕೂಲಿ ಮಾಡುವವರ ಮಕ್ಕಳ ಶಾಲೆಯಲ್ಲಿ ದುಡ್ಡು ಕೇಳಿದರೆ ಗಲಾಟೆ ಆಗದೆ ಇನ್ನೇನು?

ರಸೀದಿ: ಆಗಲೇಬೇಕಿತ್ತು, ಒಪ್ಪಿದೆ. ಆದ್ರೆ ಕಸುಬಿನವನಾಗಿ ಹೇಳ್ತೀನಿ, ಅದು ಸೋತಿದ್ದು ಎರಡು ಕಾರಣಕ್ಕೆ. ಕೇಳಿತು. ಮೊತ್ತವನ್ನೂ ಬಾಯಿಬಿಟ್ಟು ಹೇಳಿತು. ನನ್ನ ಹಾಗೆ ಶೇಕಡಾ ಲೆಕ್ಕದಲ್ಲಿ ಮುಖ ಮರೆಸಿಕೊಂಡು ‘ಒಟ್ಟು’ ಅನ್ನೋ ಸಾಲಿನೊಳಗೆ ಜಾರಿಕೊಂಡಿದ್ರೆ ಇವತ್ತಿಗೂ ಬದುಕಿರ್ತಿತ್ತು.

ಪ್ರಶ್ನೆ: ಕಾರ್ಪೊರೇಟರುಗಳಾದರೂ ನಿಮ್ಮನ್ನು ಓದಬೇಕಿತ್ತಲ್ಲ?

ರಸೀದಿ: ಅವರ ಅವಧಿ 2020ರ ಸೆಪ್ಟೆಂಬರಿಗೇ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಆಡಳಿತಾಧಿಕಾರಿಗಳ ಕಾರುಬಾರು. ನಾನು ಮಾತ್ರ ಒಂದು ವರ್ಷವೂ ತಪ್ಪಿಸಿಕೊಂಡಿಲ್ಲ.

ಪ್ರಶ್ನೆ: ಸರಿ, ನಿಮ್ಮ ಆಸೆಯೇ ನೆರವೇರಿತು, ನೀವು ಮತಪತ್ರವಾದಿರಿ ಅಂದುಕೊಳ್ಳಿ. ಊರಿನ ಸರ್ಕಾರಿ ಶಾಲೆಗೆ ಎರಡು ಕೊಠಡಿ ಬೇಕು. ಪ್ರಶ್ನೆ ಹೇಗೆ ಬರೆಯುತ್ತೀರಿ?

ರಸೀದಿ: (ಗಂಟಲು ಸರಿಮಾಡಿಕೊಂಡು) ‘ಸದರಿ ಶಾಲೆಯ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ, ಕಾಲಕಾಲಕ್ಕೆ ತಿದ್ದುಪಡಿಯಾದ ನಿಯಮಗಳಿಗೆ ಒಳಪಟ್ಟು, ಸೂಕ್ತವೆಂದು ಕಂಡುಬರುವ ಕರವನ್ನು ಈಗಾಗಲೇ ವಿಧಿಸಿರುವುದಕ್ಕೆ ತಮ್ಮ ಆಕ್ಷೇಪಣೆ ಇಲ್ಲವೆಂದು ಭಾವಿಸಬಹುದೇ?’

ಪ್ರಶ್ನೆ: ಕೆಳಗೆ ‘ಹೌದು’, ‘ಇಲ್ಲ’ ಎರಡೂ ಇರುತ್ತವೆ ತಾನೆ?

ರಸೀದಿ: ಎರಡೂ ಇರ್ತವೆ ಸಾರ್, ಒಂದು ‘ಹೌದು’, ಇನ್ನೊಂದು ‘ಏಪ್ರಿಲ್ ಮುಗಿಯೋದರೊಳಗೆ ಹೌದು’. ಎರಡನೇದಕ್ಕೆ ಶೇ 5 ರಿಯಾಯಿತಿ.