ಅಕ್ಸೆಷನ್ ರಿಜಿಸ್ಟರ್ ಅವರಿಗೆ ಒಂದು ಬಹಿರಂಗ ಪತ್ರ

ಪರಮಪೂಜ್ಯ ಅಕ್ಸೆಷನ್ ರಿಜಿಸ್ಟರ್ ಅವರ ಸನ್ನಿಧಾನಕ್ಕೆ,

ಕೋಲಾರ ಜಿಲ್ಲೆಯ ನಿವೃತ್ತ ಗ್ರಂಥಪಾಲಕಿಯೊಬ್ಬಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಪರಿಚಯ ಎಲ್ಲರಿಗೂ ಇರಲಾರದು. ಗ್ರಂಥಾಲಯದ ಹೊಸ್ತಿಲು ದಾಟಿದ ಯಾವ ಪುಸ್ತಕವೂ ತಮ್ಮ ದರ್ಶನ ಮಾಡದೆ ಕಪಾಟು ಹತ್ತುವಂತಿಲ್ಲ. ಬಂದ ದಿನಾಂಕ, ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟ, ಬೆಲೆ, ಬಿಲ್ ನಂಬರ್, ಕೊನೆಗೆ ಷರಾ. ಇಷ್ಟು ಮನೆಗಳಲ್ಲಿ ಒಂದು ಪುಸ್ತಕದ ಜಾತಕವನ್ನೇ ತಾವು ಬರೆಸಿಕೊಳ್ಳುತ್ತೀರಿ. ಹತ್ತು ರೂಪಾಯಿಯ ಕಿರುಹೊತ್ತಗೆಗೂ ಸಾವಿರ ರೂಪಾಯಿಯ ನಿಘಂಟಿಗೂ ತಮ್ಮಲ್ಲಿ ಒಂದೇ ಮರ್ಯಾದೆ, ಒಂದೊಂದು ಸಾಲು. ಇಪ್ಪತ್ತೆಂಟು ವರ್ಷ ಆ ಸಾಲುಗಳನ್ನು ನನ್ನ ಕೈಯಾರೆ ಬರೆದಿದ್ದೇನೆ. ಆ ಭಾಗ್ಯಕ್ಕೆ ನಾನು ಋಣಿ.

ಆ ಋಣದ ಸಲುಗೆಯಿಂದಲೇ ಒಂದು ಅರಿಕೆ. ತಮ್ಮ ಸಾವಿರಾರು ಸಾಲುಗಳಲ್ಲಿ ಪುಸ್ತಕಕ್ಕೊಂದು ಸಂಖ್ಯೆ ಸಿಕ್ಕಿತು. ಅದನ್ನು ಬರೆದವಳಿಗೆ ಈ ದೇಶದ ಯಾವ ರಿಜಿಸ್ಟರಿನಲ್ಲೂ ಒಂದು ಸಾಲು ಸಿಗಲಿಲ್ಲ. ನಾನು ಕೆಲಸ ಮಾಡಿದ ಕಾಲೇಜಿನ ಎದುರಿನ ಮೆಡಿಕಲ್ ಸ್ಟೋರಿನ ಗೋಡೆಯ ಮೇಲೆ ಔಷಧ ಕೊಡುವವರ ನೋಂದಣಿ ಪತ್ರ ಚೌಕಟ್ಟಿನಲ್ಲಿ ತೂಗುತ್ತದೆ. 1948ರ ಫಾರ್ಮಸಿ ಕಾಯ್ದೆ ಕೊಟ್ಟ ಭದ್ರತೆ ಅದು. ಕೋರ್ಟಿನಲ್ಲಿ ವಾದಿಸುವವರ ಹೆಸರು 1961ರ ವಕೀಲರ ಕಾಯ್ದೆಯ ಪ್ರಕಾರ ವಕೀಲರ ಪರಿಷತ್ತಿನ ಪಟ್ಟಿಯಲ್ಲಿರಬೇಕು. ಮಾಲೂರಿನ ಹಾಲಿನ ಡೇರಿಗೆ ಹಾಲು ಹಾಕುವ ಮನೆಯ ಹಸು ಕಾಯಿಲೆ ಬಿದ್ದರೆ ಅದಕ್ಕೆ ಚಿಕಿತ್ಸೆ ಕೊಡುವ ವೈದ್ಯರು 1984ರ ಪಶುವೈದ್ಯ ಪರಿಷತ್ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಆ ಹಸುವಿನ ಕಿವಿಯಲ್ಲೂ ಹನ್ನೆರಡು ಅಂಕಿಯ ಓಲೆ ಇದೆ. ಇದೆಲ್ಲ ಸರಿಯಾದದ್ದೇ, ಬೇಕಾದದ್ದೇ. ಅದೇ ಮನೆಯ ಮಗುವಿನ ಕೈಗೆ ಪುಸ್ತಕ ಕೊಡುವವರು ಯಾರು, ಏನು ಕಲಿತವರು, ತಪ್ಪಿದರೆ ಯಾರಿಗೆ ಉತ್ತರ ಹೇಳಬೇಕು ಎಂದು ಕೇಳುವ ಪರಿಷತ್ತಾಗಲಿ ಕಾಯ್ದೆಯಾಗಲಿ ಭಾರತದಲ್ಲಿ ಇಂದಿಗೂ ಇಲ್ಲ.

ತಮ್ಮ ಎರಡನೆಯ ಉಪಕಾರವನ್ನೂ ಸ್ಮರಿಸಲೇಬೇಕು. ತಾವು ಯಾರ ಕೈಗೆ ಸಿಕ್ಕರೂ ಬೇಸರಿಸದೆ ತೆರೆದುಕೊಳ್ಳುತ್ತೀರಿ. ಈ ಔದಾರ್ಯವನ್ನು ನೋಡಿಯೇ ಇರಬೇಕು, ಗ್ರಂಥಾಲಯದಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದು ಎಂಬ ನಂಬಿಕೆ ಕಚೇರಿಗಳಲ್ಲಿ ಬೇರೂರಿದೆ. ಬೇರೆ ವಿಭಾಗಕ್ಕೆ ಬೇಡವಾದವರು, ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದವರು, ನಿವೃತ್ತಿಗೆ ಆರು ತಿಂಗಳು ಉಳಿದವರು, ಎಲ್ಲರ ದಾರಿಯೂ ತಮ್ಮ ಮೇಜಿಗೇ ಬರುತ್ತದೆ. "ಅಲ್ಲೇನ್ ಕೆಲಸ ಮೇಡಂ, ಬೀಗ ತೆಗೆಯೋದು, ಬೀಗ ಹಾಕೋದು" ಎಂದು ನನ್ನ ಎದುರಿಗೇ ಹೇಳಿದವರಿದ್ದಾರೆ. ಹೇಳಿದವರ ಮೇಲೆ ನನಗೆ ಕೋಪವಿಲ್ಲ. ಆ ಕೆಲಸಕ್ಕೆ ಇಂಥ ಕಲಿಕೆ ಬೇಕು ಎಂದು ಹೇಳುವ ಪರಿಷತ್ತೇ ಇಲ್ಲದಿದ್ದಾಗ ಅವರಿಗೆ ಕಂಡದ್ದು ಬೀಗವೊಂದೇ.

ಒಮ್ಮೆ ನನ್ನನ್ನು ಮೂರು ವಾರ ಬೇರೆ ಕೆಲಸಕ್ಕೆ ಹಾಕಿದರು. ಆ ಮೂರು ವಾರದಲ್ಲಿ ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು 'ಚಿಕವೀರ ರಾಜೇಂದ್ರ' ಬೇಕೆಂದು ಕೇಳಿದ್ದಾಳೆ. ಅದು ಅವಳ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಮಾಸ್ತಿ ವೆಂಕಟೇಶ ಅಯ್ಯಂಗಾರರ ಕಾದಂಬರಿ. 1983ರ ಜ್ಞಾನಪೀಠ ತಂದ ಪುಸ್ತಕ. ನನ್ನ ಜಾಗದಲ್ಲಿ ಕೂತಿದ್ದವರು ಕಾದಂಬರಿಯ ಕಪಾಟು ನೋಡಿ, ಇಲ್ಲ ಎಂದಿದ್ದಾರೆ. ಪುಸ್ತಕ ಇತ್ತು. ಕೊಡಗಿನ ಅರಸನ ಹೆಸರು ಕಂಡು ಯಾರೋ ಅದನ್ನು ಚರಿತ್ರೆಯ ಕಪಾಟಿಗೆ ಸೇರಿಸಿದ್ದರು. ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಮನೆ ಇದೆ, ಪುಸ್ತಕದ ಬೆನ್ನಿನ ಮೇಲೆ ಆ ಸಂಖ್ಯೆಯೂ ಇತ್ತು. ಅದನ್ನು ಓದಲು ಬರುವವರು ಅಲ್ಲಿರಲಿಲ್ಲ. ತಾವು ಮಾತ್ರ ಸತ್ಯಸಂಧರು. ಪುಸ್ತಕ ಇದೆ ಎಂದೇ ತಮ್ಮ ಪುಟ ಹೇಳುತ್ತಿತ್ತು. ಇದ್ದದ್ದು ಎಲ್ಲಿದೆ, ಯಾರಿಗಾಗಿ ಇದೆ ಎಂದು ಹೇಳುವ ನಾಲಿಗೆ ತಮಗಿಲ್ಲ. ಆ ನಾಲಿಗೆ ಗ್ರಂಥಪಾಲಕರದು.

ಮೂರನೆಯದು, ತಾವು ನಮಗೆ ಕಲಿಸಿದ ಶಿಸ್ತು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಷನ್ ನಡೆದಾಗ ತಮ್ಮ ಒಂದೊಂದು ಸಾಲಿಗೂ ನಾವು ಪುಸ್ತಕ ತೋರಿಸಬೇಕು. ಸಿಗದಿದ್ದರೆ ಸಂಬಳದಿಂದ ಕಡಿತ. ನಿವೃತ್ತಿಯ ಹೊತ್ತಿಗೆ ಬಾಕಿ ಉಳಿದರೆ ನೋ ಡ್ಯೂ ಪತ್ರಕ್ಕೆ ಅಲೆದಾಟ. ಈ ಶಿಸ್ತಿಗೆ ಹೆದರಿ ನಾನೇ ಎಷ್ಟೋ ವರ್ಷ ಒಳ್ಳೆಯ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಮಕ್ಕಳು ಗಾಜಿಗೆ ಮೂಗು ಒತ್ತಿ ರಟ್ಟಿನ ಮೇಲಿನ ಹೆಸರು ಓದಿಕೊಂಡು ಹೋಗುತ್ತಿದ್ದರು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅದರಲ್ಲಿ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು ಎಂದಿದೆ. ಈ ಮಾತು ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಬಹಳ ಕಾಲವಾದ ಮೇಲೆ, ಅದೂ ಇನ್ನೊಬ್ಬ ಗ್ರಂಥಪಾಲಕರು ರೈಲಿನಲ್ಲಿ ಮಾತಿಗೆ ಮಾತು ಬಂದು ಹೇಳಿದಾಗ. ವೃತ್ತಿಗೊಂದು ಪರಿಷತ್ತಿದ್ದಿದ್ದರೆ ಇದನ್ನು ಮೊದಲೇ ಕಲಿಸುತ್ತಿತ್ತು. ಆಡಿಟ್‌ನವರ ಮುಂದೆ ನಮ್ಮ ಪರವಾಗಿ ಹೇಳುತ್ತಿತ್ತು. ನಾನು ಗಾಜಿನ ಬೀರು ತೆರೆದಿಡುತ್ತಿದ್ದೆ.

ನಾಲ್ಕನೆಯ ಮಾತನ್ನು ತಮ್ಮ ಒಡಹುಟ್ಟಿದ ಇಶ್ಯೂ ರಿಜಿಸ್ಟರ್ ಅವರ ಬಗ್ಗೆ ಹೇಳುತ್ತೇನೆ, ಕ್ಷಮೆ ಇರಲಿ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಅವರ ಪುಟದಲ್ಲಿ ಬಿಚ್ಚಿಟ್ಟಂತೆ ಇರುತ್ತದೆ. ಚಿಕ್ಕ ಊರು. ವಿಚ್ಛೇದನದ ಕಾನೂನು ತಿಳಿಸುವ ಪುಸ್ತಕವನ್ನು ಒಬ್ಬ ಹೆಣ್ಣುಮಗಳು ಒಯ್ದಿದ್ದಳು. ಎರಡು ದಿನದಲ್ಲಿ ಅವಳ ಸಂಬಂಧಿಕರೊಬ್ಬರು ಬಂದು, ತಮ್ಮ ಹುಡುಗಿ ಏನು ಓದುತ್ತಿದ್ದಾಳೆ ನೋಡಬೇಕು ಎಂದು ಇಶ್ಯೂ ರಿಜಿಸ್ಟರಿಗೆ ಕೈ ಹಾಕಿದರು. ನಾನು ಮುಚ್ಚಿಟ್ಟೆ. ದೂರು ಕೊಡುತ್ತೇನೆ ಎಂದರು. ಕೊಡಿ ಎಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಓದುಗರ ಗುಟ್ಟು ಕಾಯುವುದು ನನ್ನ ವೃತ್ತಿಧರ್ಮ ಎಂದು ತೋರಿಸಲು ನನ್ನ ಬಳಿ ಒಂದು ಕಾಗದವೂ ಇರಲಿಲ್ಲ. ವೈದ್ಯರು, ವಕೀಲರು ಮುಚ್ಚಿಟ್ಟರೆ ಅದು ಧರ್ಮ. ನಾನು ಮುಚ್ಚಿಟ್ಟರೆ ಅದು ಹಟ.

ಐದನೆಯದು ನನ್ನದಲ್ಲ, ನನಗಿಂತ ಕಷ್ಟದಲ್ಲಿರುವವರದು. ಆಗಿನ ಮೈಸೂರು ರಾಜ್ಯ 1965ರಲ್ಲಿಯೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದಿತು. ಅದರಿಂದಾಗಿ ಮನೆ ಕಂದಾಯ ಕಟ್ಟುವವರು ಅದರ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಕಾಯುತ್ತ ಪಟ್ಟಣದಲ್ಲೊಂದು ಪುಟ್ಟ ಮನೆ ಕಟ್ಟಿಕೊಂಡವರ ದುಡ್ಡೂ ಅದರಲ್ಲಿದೆ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಮರುವರ್ಷ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂತು, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು. ಆ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಸೀದಿಯ ಓಣಿಯಲ್ಲಿ ಉರ್ದು ಆಡುವ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಕಥೆ ಓದಿಸುವವರು ಆ ಕೇಂದ್ರಗಳ ಮೇಲ್ವಿಚಾರಕರು. ಅವರನ್ನು ಯಾರೂ ಗ್ರಂಥಪಾಲಕರು ಎನ್ನುವುದಿಲ್ಲ. ಹುದ್ದೆಯ ಹೆಸರು ಮೇಲ್ವಿಚಾರಕರು, ಕೈಗೆ ಬರುತ್ತಿದ್ದುದಕ್ಕೆ ಬಹುಕಾಲ ಹೆಸರು ಗೌರವಧನ. ಇಲಾಖೆ ಬದಲಾದರೆ ಅವರೂ ಪುಸ್ತಕಗಳ ಜೊತೆ ಬದಲಾಗುತ್ತಾರೆ, ಅವರು ಕಲಿತದ್ದಕ್ಕೆ ಲೆಕ್ಕವಿಲ್ಲ.

ಗ್ರಂಥಪಾಲಕರಿಗೂ ನೋಂದಣಿ ಬಂದರೆ ಮೊದಲು ಹೊರಗೆ ಹೋಗುವವರು ಇವರೇ ತಾನೇ, ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಿಗ್ರಿಯೊಂದನ್ನೇ ಬಾಗಿಲು ಮಾಡಿಕೊಂಡರೆ ಖಂಡಿತ ಹಾಗೇ ಆಗುತ್ತದೆ, ಅಂಥ ನೋಂದಣಿ ನನಗೂ ಬೇಡ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಮೆಟ್ರಿಕ್ ಪಾಸು ಮಾಡಿದವರಲ್ಲ. ವಿದ್ಯೆಯನ್ನು ಸರ್ಟಿಫಿಕೇಟಿನಿಂದ ಅಳೆಯಬಾರದು ಎಂದು ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಫಾರ್ಮಸಿ ಕಾಯ್ದೆಯನ್ನೇ ನೋಡಿ. ಮೊದಲ ನೋಂದಣಿ ಪಟ್ಟಿ ಸಿದ್ಧಮಾಡುವಾಗ, ಆಸ್ಪತ್ರೆ ಔಷಧಾಲಯಗಳಲ್ಲಿ ಐದು ವರ್ಷ ಔಷಧ ತಯಾರಿಸಿ ಅನುಭವ ಪಡೆದವರಿಗೂ ಅದು ಬಾಗಿಲು ತೆರೆದಿತ್ತು. ಬ್ರಿಟನ್ನಿನ ಗ್ರಂಥಪಾಲಕರ ಸಂಘಕ್ಕೆ 1898ರಲ್ಲೇ ರಾಜಸನದು ಸಿಕ್ಕಿತು. ಇಂದು ಅಲ್ಲಿ ಒಂದಲ್ಲ, ಮೂರು ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತಬಹುದು. ನ್ಯೂಜಿಲೆಂಡಿನ ಸಂಘ 2007ರಲ್ಲಿ ವೃತ್ತಿ ನೋಂದಣಿ ಆರಂಭಿಸಿತು. ಅಲ್ಲಿ ಒಮ್ಮೆ ಹೆಸರು ಬರೆಸಿದರೆ ಮುಗಿಯಲಿಲ್ಲ. ಮೂರು ವರ್ಷಕ್ಕೊಮ್ಮೆ, ಈ ಅವಧಿಯಲ್ಲಿ ಹೊಸದಾಗಿ ಏನು ಕಲಿತೆ, ಅದನ್ನು ಕೆಲಸದಲ್ಲಿ ಹೇಗೆ ಬಳಸಿದೆ ಎಂದು ಬರೆದು ತೋರಿಸಬೇಕು.

ತಾವು ಅಪ್ಪಣೆ ಕೊಟ್ಟರೆ ಒಬ್ಬ ಹಿರಿಯರ ಕಥೆಯನ್ನೂ ಹೇಳುತ್ತೇನೆ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯ ತನ್ನ ಗ್ರಂಥಪಾಲಕರನ್ನಾಗಿ ಆರಿಸಿದ್ದು ಗಣಿತದ ಮೇಷ್ಟರನ್ನು. ಗ್ರಂಥಾಲಯದ ಕೆಲಸ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ತಿಳಿದದ್ದೇ ಅವರ ದೊಡ್ಡತನ. ಲಂಡನ್ನಿಗೆ ಹೋಗಿ ಕಲಿತರು, ಬಂದು ಈ ನಾಡಿಗೇ ಕಲಿಸಿದರು. ಆ ಎಸ್. ಆರ್. ರಂಗನಾಥನ್ ಕೊನೆಯ ಹದಿನೈದು ವರ್ಷ ಬಾಳಿದ್ದು ನಮ್ಮ ಕೋಲಾರಕ್ಕೆ ಕೂಗಳತೆಯ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಪ್ರತಿ ಆಗಸ್ಟ್ 12ರಂದು ಅವರ ಫೋಟೋಗೆ ಹಾರ ಹಾಕುತ್ತೇವೆ. ಇಂದಿಗೂ ಕೆಲಸ ಗೊತ್ತಿಲ್ಲದೆ ಗ್ರಂಥಾಲಯಕ್ಕೆ ಬಂದು ಕೂರುವುದು ಕೂತವರ ತಪ್ಪಲ್ಲ. ಕಲಿಯಲು ದಾರಿ ಇಲ್ಲದಂತೆ, ಕಲಿತರೂ ಕೇಳುವವರಿಲ್ಲದಂತೆ ಅವರನ್ನು ಕೂರಿಸಿದ್ದು ತಪ್ಪು. ಹಾರ ಹಾಕುವ ಕೈಗಳು ಆ ತಪ್ಪನ್ನು ಸರಿಪಡಿಸಬೇಕು.

ಆದ್ದರಿಂದ ತಮ್ಮ ಪಾದಕ್ಕೆರಗಿ ಬೇಡುವುದಿಷ್ಟು. ಗ್ರಂಥಪಾಲಕರಿಗೂ ಒಂದು ರಿಜಿಸ್ಟರ್ ಬರಲಿ. ಅದರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೂ ಅರಿವು ಕೇಂದ್ರದ ಮೇಲ್ವಿಚಾರಕರಿಗೂ ತಮ್ಮಲ್ಲಿರುವಂತೆ ಒಂದೊಂದು ಸಾಲು ಇರಲಿ. ನೋಂದಣಿಯ ಶುಲ್ಕ ಅವರ ಸಂಪಾದನೆಯನ್ನು ನುಂಗದಿರಲಿ. ಅನುಭವವನ್ನು ಪರೀಕ್ಷಿಸಿ ಒಳಗೆ ಕರೆದುಕೊಳ್ಳಲಿ, ಒಳಗೆ ಬಂದವರಿಗೆ ಮತ್ತೆ ಮತ್ತೆ ಕಲಿಸಲಿ. ಓದುಗರ ಗುಟ್ಟು ಬಿಟ್ಟುಕೊಟ್ಟವರನ್ನು, ಜಾತಿ ನೋಡಿ ಪುಸ್ತಕ ಕೊಟ್ಟವರನ್ನು ಕೇಳುವ ಅಧಿಕಾರ ಅದಕ್ಕಿರಲಿ. ನಮ್ಮ ಹೆಸರಿನ ಮುಂದೆ ಎರಡಕ್ಷರ ಹೆಚ್ಚಲಿ ಎಂದು ನಾನು ಇದನ್ನು ಕೇಳುತ್ತಿಲ್ಲ. ಆ ಸಾಲು ನಮ್ಮದಾಗಿ ಕಂಡರೂ ಅದು ನಿಜವಾಗಿ ಓದುಗರದು. ಮೇಜಿನ ಆಚೆ ಕೂತವರನ್ನು ನಂಬಿ ಕೇಳು, ಅವರು ಉತ್ತರ ಹೇಳಬೇಕಾದವರು, ಎಂದು ಅದು ಓದುಗರಿಗೆ ಕೊಡುವ ಮಾತು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಮೂರು ವಾರದ ಮೇಲೆ ನಾನು ಮರಳಿ ಬಂದಾಗ ಚರಿತ್ರೆಯ ಕಪಾಟಿನಲ್ಲಿ ಮಾಸ್ತಿಯವರ ಪುಸ್ತಕ ಸಿಕ್ಕಿತು. ಆ ಹುಡುಗಿಯನ್ನು ಹುಡುಕಿಸಿದೆ. ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದಳು, ಮತ್ತೆ ಬರಲಿಲ್ಲ. ಅಂದು ತಮ್ಮ ಪುಟ ತೆರೆದು, ಆ ಪುಸ್ತಕದ ಸಾಲಿನ ಕೊನೆಯಲ್ಲಿ, ಷರಾ ಎಂಬ ಮನೆಯಲ್ಲಿ ಬರೆದೆ: "ಕೇಳಿದವರಿಗೆ ಸಿಗಲಿಲ್ಲ."

ಮುಂದಿನ ಮಾರ್ಚಿನಲ್ಲಿ ಆಡಿಟ್‌ಗೆ ಬಂದವರು ಅದರ ಮೇಲೆ ಬೆರಳಿಟ್ಟರು. "ಇದೇನ್ ಮೇಡಂ, ಷರಾದಲ್ಲಿ ಕಳೆದಿದೆ, ಹರಿದಿದೆ, ರದ್ದಾಗಿದೆ, ಇಷ್ಟೇ ಅಲ್ವ ಬರೆಯೋದು? ಪುಸ್ತಕ ಇಲ್ಲೇ ಇದೆಯಲ್ಲ. ಹೊಡೆದುಹಾಕಿ."

ಅವರು ಹೇಳಿದ ಬೇರೆಲ್ಲವನ್ನೂ ತಿದ್ದಿದೆ. ಆ ಎರಡು ಪದ ಮಾತ್ರ ಹೊಡೆಯಲಿಲ್ಲ. ತಮ್ಮ ಆ ಪುಟದಲ್ಲಿ ಅವು ಇಂದಿಗೂ ಇವೆ.

ಇಂತು ತಮ್ಮ ವಿಧೇಯಳು,
ನಿವೃತ್ತ ಗ್ರಂಥಪಾಲಕಿ,
ಕೋಲಾರ ಜಿಲ್ಲೆ