ರುಮಾಲಿನ ಮೀನುಗಾರ

ನಮ್ಮೂರು ಗುಂಜಹಳ್ಳಿ ಕಡೆಯವರಿಗೆ ನೀರಿನ ಮೇಲಿನ ಸವಾರಿ ಎಂದರೆ ತೆಪ್ಪ. ಕೃಷ್ಣೆಯ ನಡುಗಡ್ಡೆ ಕುರುವಪುರಕ್ಕೆ ಶ್ರೀಪಾದ ಶ್ರೀವಲ್ಲಭರ ಹೆಸರು ಹೇಳುತ್ತಾ, ಅಂಚು ಗಟ್ಟಿ ಹಿಡಿದು ಕುಕ್ಕರುಗಾಲಲ್ಲಿ ಕೂತರೆ ನಮ್ಮ ಜಲಯಾನ ಮುಗಿಯಿತು. ಅಂಥವರ ಕೈಗೆ ಪೇಪರು ಸಿಕ್ಕಿತು. ಕೋವಿಡ್ ಕಳೆದ ಮೇಲೆ, 2022ರ ನವೆಂಬರ್ 28ರಂದು, ಯುರೋಪಾ 2 ಎಂಬ ಪ್ರವಾಸಿ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಿದೆ. ಪ್ರಯಾಣಿಕರು 271, ಸಿಬ್ಬಂದಿ 373.

"ಉಣ್ಣವ್ರಿಗಿಂತ ನೀಡವ್ರೇ ಜಾಸ್ತಿ! ಇಂಥಾದ್ದು ನೋಡ್ಬೇಕಲೇ ತಮ್ಮಾ" ಎಂದರು ಕಾಕಾ. ಮುಂದಿನ ಹಡಗಿಗೆ ಹೊರಟೇಬಿಟ್ಟೆವು. ನನ್ನ ತಲೆಗೆ ಅವರದೇ ರುಮಾಲು. "ಪರದೇಶದವ್ರ ಮುಂದ ಬೋಳು ತಲೀಲೆ ನಿಂದರ್ತಿ ಏನು?"

ರಾತ್ರಿ ಬಸ್ಸಿನ ತುಂಬ ಗುಳೆ ಹೊರಟವರು. ಹಾಸಿಗೆ ಸುರುಳಿ, ರೊಟ್ಟಿ ಗಂಟು, ಮಡಿಲಲ್ಲಿ ಕೂಸು. ಶೋಕಿಗೆ ಹೊರಟವರು ನಾವಿಬ್ಬರೇ, ಬಾಯಿ ಬಿಡಲಿಲ್ಲ.

ಬಂದರಿನೊಳಕ್ಕೆ ಪಾಸಿಲ್ಲದೆ ಪ್ರವೇಶವಿಲ್ಲ. ಹಡಗು ಬೇಡ, ಹಡಗಿನವರನ್ನಾದರೂ ನೋಡೋಣ ಎಂದು ಮಂಗಳೂರಿನ ಕುದ್ರೋಳಿ ದೇವಸ್ಥಾನಕ್ಕೆ ನಡೆದೆವು. ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆಗಳ ಜೊತೆಗೆ, ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಪ್ರತಿಷ್ಠಾಪಿಸಿದ ಗೋಕರ್ಣನಾಥನನ್ನೂ ಅವರಿಗೆ ತೋರಿಸುತ್ತಾರಂತೆ.

ಪ್ರವಾಸಿಗಳು ಬಂದರು. ನಾವು ಅವರನ್ನು ನೋಡುವ ಮೊದಲೇ ಬಿಸಿಲಿಗೆ ಕೆಂಪಾದ ಅಜ್ಜಿಯೊಬ್ಬರು ನನ್ನನ್ನು ನೋಡಿಬಿಟ್ಟರು. ಕ್ಯಾಮೆರಾ ಎದ್ದಿತು. ಒಂದರ ಹಿಂದೆ ಇನ್ನೊಂದು. ಗೈಡು ಹಿಂದೆಮುಂದೆ ನೋಡದೆ ಇಂಗ್ಲಿಷಿನಲ್ಲಿ ಶುರುಮಾಡಿದ: ಇವರು ಈ ಕರಾವಳಿಯ ಮೀನುಗಾರರು, ತಲೆಗೆ ಸುತ್ತಿದ್ದು ಕಡಲ ಗಾಳಿಗೆ. ಸಮುದ್ರವನ್ನು ಅಂದು ಬೆಳಿಗ್ಗೆಯಷ್ಟೇ ಕಂಡಿದ್ದ ನಾನು ತಿದ್ದಬಹುದಿತ್ತು. ತಿದ್ದಲಿಲ್ಲ. ಮೀಸೆ ತಿರುವಿದೆ. ಕಣ್ಣು ಕಿರಿದು ಮಾಡಿ, ಬಿರುಗಾಳಿ ಕಂಡವನಂತೆ ಪಾರ್ಕಿಂಗ್ ಜಾಗದತ್ತ ದಿಟ್ಟಿಸಿದೆ. ಇವತ್ತು ಯಾವ ಮೀನು ಸಿಕ್ಕಿತು ಎಂದು ಕೇಳಿದರು ಅಜ್ಜಿ. ಹೋಟೆಲಿನ ಬೋರ್ಡಿನಲ್ಲಿ ಓದಿದ್ದ ಒಂದೇ ಹೆಸರು ನೆನಪಾಯಿತು: "ಬಂಗುಡೆ!" ಎಷ್ಟು ದೊಡ್ಡದು? ಎರಡೂ ಕೈ ಪೂರ್ತಿ ಚಾಚಿದೆ. ಅವರು ಬೆರಗಾಗಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆ ಭರದಲ್ಲಿ ರುಮಾಲು ಸಡಿಲಿ ಹೆಗಲಿಗಿಳಿಯಿತು. ಒಂದು ತುದಿ ಅಜ್ಜಿ ಹಿಡಿದರು, ಇನ್ನೊಂದನ್ನು ಕಾಕಾ ಹಿಡಿದು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಮತ್ತೆ ಸುತ್ತಿದರು. ಚಪ್ಪಾಳೆ! ಸುತ್ತುವಾಗಲೇ ಕಿವಿಯಲ್ಲಿ, "ಬಂಗುಡಿ ಗೇಣುದ್ದ ಇರ್ತದಲೇ. ನೀ ಎಮ್ಮಿಕರ ತೋರಿಸಾಕತ್ತೀದಿ."

ವಾಪಸು ಹೊರಟಾಗ ಆಟೋದವನು ನಮ್ಮ ಮಾತು ಕೇಳಿ, "ಕೆಲಸಕ್ಕೆ ಬಂದದ್ದಾ? ಕಂಟ್ರಾಕ್ಟರ್ ಯಾರು?" ಎಂದ. ಮೈ ಉರಿಯಿತು. ದಾರಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ಕೆಳಗೆ ರಾತ್ರಿ ಬಸ್ಸಿನ ಹೆಣ್ಣುಮಗಳು, ಕೂಸನ್ನು ಮರಳ ಗುಡ್ಡೆಯ ಪಕ್ಕ ಮಲಗಿಸಿ, ಆಗಲೇ ಜಲ್ಲಿ ಹೊರುತ್ತಿದ್ದಳು. ಪ್ರವಾಸಿಗಳ ಬಸ್ಸು ನಮ್ಮ ಮುಂದೆಯೇ ಆ ಕಟ್ಟಡ ದಾಟಿ ಹೋಯಿತು. ಒಂದು ಕ್ಯಾಮೆರಾವೂ ಹೊರಬರಲಿಲ್ಲ. ಕಾಕಾ ಊರು ಬರುವವರೆಗೆ ಹಡಗಿನ ಮಾತೆತ್ತಲಿಲ್ಲ.

ಕರಾವಳಿಯ ಬಂಧುಗಳೇ, ಯುರೋಪಿನ ಯಾರ ಮನೆಯ ಗೋಡೆಯ ಮೇಲಾದರೂ ರುಮಾಲಿನ ಮೀನುಗಾರನ ಫೋಟೋ ಕಂಡರೆ ದಯವಿಟ್ಟು ಸುಮ್ಮನಿರಿ. ಅವನ ಹೊಲದಲ್ಲಿ ಬೆಳೆಯುವುದು ಹತ್ತಿ, ತೊಗರಿ.