ಮೂರು ಮನೆ ಪಂಚಾಯ್ತಿ

ಕಡಬದಿಂದ ಮೂವರು ಬಂದು ವೀಳ್ಯದೆಲೆ, ಅಡಿಕೆಯ ಮೇಲೆ ಐನೂರ ಒಂದು ರೂಪಾಯಿ ಇಟ್ಟು ನನ್ನ ಕೈಗೆ ಕೊಟ್ಟಾಗ, ಯಾರದೋ ಮದುವೆ ಕರೆಯೋಲೆ ಎಂದುಕೊಂಡು ಮುಯ್ಯಿಯ ಲೆಕ್ಕ ಹಾಕತೊಡಗಿದ್ದೆ. ಅಲ್ಲವಂತೆ.

"ಮೇಷ್ಟ್ರೇ, ಕೆರೆ ಕೋಡಿ ಬೀಳೋ ಹಂಗೈತೆ. ಬಾಗಿನದ ದಿನಕ್ಕೆ ಒಂದು ಹಾಡು ಕಟ್ಕೊಡಿ. ಭಜನೆ ಮಂಡಳಿ ಗಂಡಸ್ರು ಇಪ್ಪತ್ ಜನ, ಸಂಘದ ಹೆಣ್ಮಕ್ಳು ಇಪ್ಪತ್ ಜನ. ಪೇಟಿ ಒಂದೇ, ನಿಮ್ದು."

"ತಬಲ?"

"ಅವನು ಅವತ್ತು ಮದ್ವೆಗೆ ಒಪ್ಕೊಂಡವ್ನೆ."

ಏನಿರಬೇಕು ಹಾಡಿನಲ್ಲಿ ಎಂದೆ. ಕೆರೆ ಇರಬೇಕು. ರಾಮದೇವರನ್ನು ಬಿಡುವ ಹಾಗಿಲ್ಲ. ರಾಮ ಬಂದರೆ ಈಶ್ವರನೂ ಬರಬೇಕು, ಇಲ್ಲದಿದ್ದರೆ ಆ ಕೇರಿಯವರು ಮಾತಾಡುತ್ತಾರೆ. ಹೇಮಾವತಿ ಬರಬೇಕು, ಶಿಂಷೆಯೂ ಬರಬೇಕು. ಇಷ್ಟೂ ಐದು ನಿಮಿಷದೊಳಗೆ ಮುಗಿಯಬೇಕು, ಏಕೆಂದರೆ ಭಾಷಣಗಳಿವೆ.

ಕಡಬ ಎಂದರೆ ದಕ್ಷಿಣ ಕನ್ನಡದ ತಾಲ್ಲೂಕು ಕಡಬವಲ್ಲ, ತಿನ್ನುವ ಕಡುಬೂ ಅಲ್ಲ. ನಮ್ಮ ಗುಬ್ಬಿ ತಾಲ್ಲೂಕಿನ ಹೋಬಳಿ. ಲಂಕೆಯಿಂದ ಮರಳುವಾಗ ರಾಮ ಇಲ್ಲಿ ತಂಗಿದ್ದನಂತೆ. ಸೀತೆ ಕೇಳಿದಳೆಂದು ಶಿಂಷೆಗೆ ಕಟ್ಟೆ ಹಾಕಿ ಈ ಕೆರೆ ಮಾಡಿಸಿದನಂತೆ. ಅಂದರೆ ಕೆರೆಯೇ ಒಂದು ಹೇಳಿ ಮಾಡಿಸಿದ ಕೆಲಸ. ಹೊಗಳಿಕೆ ಬರೆಯಿಸಿಕೊಳ್ಳುವುದೂ ಊರಿಗೆ ಹೊಸದಲ್ಲ. ಕಡಬದ ತಾಮ್ರಪಟ ಎಂದೇ ಹೆಸರಾದ ಶಾಸನ ರಾಷ್ಟ್ರಕೂಟ ಗೋವಿಂದನದು, ಶಕವರ್ಷ 735ರದು. ಜಿನಾಲಯಕ್ಕೆ ಜಾಲಮಂಗಲವೆಂಬ ಊರನ್ನು ದಾನ ಕೊಟ್ಟದ್ದು ಅದರ ವಿಷಯ. ಇಂಥ ಪಟಗಳಲ್ಲಿ ವಿಷಯಕ್ಕೆ ಬರುವ ಮುಂಚೆ ವಂಶದ ಹೊಗಳಿಕೆ ಎಷ್ಟಿರುತ್ತದೆಂದರೆ, ಪಾಪ, ಆ ಕವಿಯ ಮುಂದೆಯೂ ಮೂವರು ಕೂತು "ಅವರ ತಾತನನ್ನ ಬಿಡಂಗಿಲ್ಲ" ಎಂದಿರಬೇಕು ಅನ್ನಿಸುತ್ತದೆ. ಅವನಿಗೆ ಐದು ನಿಮಿಷದ ಕಟ್ಟಾದರೂ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಪೇಟಿ ಮೇಷ್ಟ್ರಿಗೆ ವೀಳ್ಯ ಬರುವುದು ಸಾಮಾನ್ಯವಾಗಿ ನಾಟಕಕ್ಕೆ. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಹೊತ್ತು ತಿರುಗಿ, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದರು. ಕಂಪನಿ ಹೋದರೂ ಅದರ ಗಾಳಿ ಹಳ್ಳಿಗಳಲ್ಲಿ ಉಳಿದಿದೆ. ಇವತ್ತಿಗೂ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ಕಲಿಸಲು ಮೇಷ್ಟ್ರು ಬೇಕು. ಅಲ್ಲಿ ಪೇಟಿಯವನ ಕೆಲಸ ನನಗೆ ಗೊತ್ತು: ದುರ್ಯೋಧನ ಕಂದ ಎತ್ತುವಾಗ ಎಲ್ಲಿ ಎತ್ತಿದನೋ ಅಲ್ಲಿಗೆ ಓಡಿಹೋಗಿ ಹಿಡಿಯುವುದು. ಒಬ್ಬನನ್ನು ಹಿಡಿಯಬಹುದು. ನಲವತ್ತು ಜನ ನಲವತ್ತು ಕಡೆ ಎತ್ತಿದರೆ?

ಗುಬ್ಬಿ ಕಂಪನಿಗೆ ಹುಡುಗನಾಗಿದ್ದಾಗಲೇ ಓಡಿಬಂದು ಸೇರಿದ ಬಿ.ವಿ. ಕಾರಂತರು ಮುಂದೆ ತಮ್ಮ ನಾಟಕಗಳಲ್ಲಿ ಮೇಳವನ್ನೇ ಒಂದು ವಾದ್ಯದ ಹಾಗೆ ಬಳಸಿದರು. ಅವರಿಗೆ ಬಂದದ್ದು ನನಗೂ ಬಂದೀತು ಎಂಬ ಹುಂಬತನದಲ್ಲಿ ವೀಳ್ಯ ಒಳಗಿಟ್ಟೆ.

ಈಗ ನನ್ನ ಪೇಟಿಯ ಸಂಗತಿ. 1842ರಲ್ಲಿ ಪ್ಯಾರಿಸ್ಸಿನ ದೆಬೆಂ ಎಂಬಾತ ಪೇಟೆಂಟ್ ಮಾಡಿಸಿದ ಹಾರ್ಮೋನಿಯಂ ನಮ್ಮಲ್ಲಿಗೆ ಬಂದು, ಕಾಲು ಕಳೆದುಕೊಂಡು, ನೆಲಕ್ಕೆ ಕೂತು ಪೇಟಿಯಾಯಿತು. ಗಮಕ ಬಾರದ ವಾದ್ಯವೆಂದು 1940ರಿಂದ 1971ರವರೆಗೆ ಆಕಾಶವಾಣಿಯವರು ಇದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನನ್ನದಕ್ಕಂತೂ ಗಮಕದ ಜೊತೆಗೆ ಬಿಳಿ ಮೂರೂ, ಅಂದರೆ ಮೂರನೆಯ ಬಿಳಿ ಮನೆಯೂ, ಬರುವುದಿಲ್ಲ. ಬರುವುದಿಲ್ಲ ಎನ್ನುವುದು ತಪ್ಪು, ಬಂದರೆ ಹೋಗುವುದಿಲ್ಲ. ಆ ಮನೆಯನ್ನು ಒಂದು ಸಲ ಒತ್ತಿದರೆ ಮೇಲೇಳುವುದಿಲ್ಲ, ತಿದಿಯಲ್ಲಿ ಗಾಳಿ ಇರುವಷ್ಟು ಹೊತ್ತೂ ಕರು ಕಳೆದುಕೊಂಡ ಎಮ್ಮೆಯಂತೆ ಕೂಗುತ್ತಿರುತ್ತದೆ. ಉಗುರಿನಲ್ಲಿ ಎಬ್ಬಿಸಬೇಕು. ಅದಕ್ಕೆಂದೇ ಕಿರುಬೆರಳಿನ ಉಗುರು ಬಿಟ್ಟಿದ್ದೇನೆ. ಶೋಕಿ ಎಂದು ಮನೆಯವಳ ಆರೋಪ. ತುಮಕೂರಿನ ರಿಪೇರಿಯವನನ್ನು ಕೇಳಿದರೆ ಪೇಟಿ ಬಿಟ್ಟುಹೋಗಿ, ಹದಿನೈದು ದಿನ ಆಗುತ್ತದೆ ಎಂದ. ಬಾಗಿನಕ್ಕೆ ಇದ್ದದ್ದು ಹನ್ನೆರಡು.

ಗಂಡಸರ ಶ್ರುತಿ ಒಂದು ಮನೆ. ಬಿಳಿ ಒಂದು ಷಡ್ಜವಾದರೆ ಬಿಳಿ ಮೂರು ಅಂತರ ಗಾಂಧಾರ. ಆದ್ದರಿಂದ ಗಾಂಧಾರವಿಲ್ಲದ ರಾಗ ಬೇಕು. ಮಧ್ಯಮಾವತಿ! ಸ ರಿ ಮ ಪ ನಿ, ಅಷ್ಟೇ. ಕಚೇರಿ ಮುಗಿಸುವಾಗ ಮಂಗಳಕ್ಕೆ ಹಾಡುವ ರಾಗ. "ಶುಭಕಾರ್ಯ ನೋಡಿ, ಅದಕ್ಕೇ ಇದನ್ನು ಆರಿಸಿದೆ" ಎಂದೆ. ಊರಿನ ಯಜಮಾನರು ಕೈಮುಗಿದರು. ಸಂಗೀತಶಾಸ್ತ್ರಜ್ಞರು ಕೃತಿಗೂ ರಾಗಕ್ಕೂ ಇರುವ ಭಾವಸಂಬಂಧ ಬಿಡಿಸಿ ಬರೆದದ್ದನ್ನು ಓದುವಾಗೆಲ್ಲ, ಆ ವಾಗ್ಗೇಯಕಾರರ ಮನೆಯ ಪೆಟ್ಟಿಗೆಯನ್ನೂ ಒಮ್ಮೆ ಬಿಚ್ಚಿ ನೋಡಬೇಕಿತ್ತು ಅನ್ನಿಸುತ್ತದೆ.

ಮೊದಲ ತಾಲೀಮಿನಲ್ಲೇ ಹೆಣ್ಣುಮಕ್ಕಳು ಸುಮ್ಮನೆ ಕೂತರು. ಒಂದು ಮನೆಯಲ್ಲಿ ಅವರ ದನಿ ಬಾವಿಗೆ ಬಿದ್ದ ಕೊಡದ ಹಾಗೆ. ಅವರಿಗೆ ಬೇಕಾದ್ದು ಐದು ಮನೆ. ಐದಕ್ಕೆ ಏರಿಸಿದರೆ ಗಂಡಸರ ಕುತ್ತಿಗೆಯ ನರ ಎಣಿಸಬಹುದು. ಸಿಟ್ಟು ಸೆಡವು ಶುರುವಾಯಿತು. ಊರಿನ ಎಷ್ಟೋ ಹೊಲದ ಬದು ತೀರ್ಮಾನ ಮಾಡಿದ್ದ ಯಜಮಾನರು ಎದ್ದರು.

"ಅವ್ರುದು ಒಂದು, ಇವ್ರುದು ಐದು. ಮಧ್ಯಕ್ಕೆ ಬರ್ರಪ್ಪ. ಮೂರು ಮನೆ. ಆಯ್ತಾ?"

ಆಯಿತು. ಬಿಳಿ ಮೂರು ಈಗ ಷಡ್ಜ! ಒತ್ತಿದೆ. ಕೂತೇ ಬಿಟ್ಟಿತು. ಉಗುರು ಹಾಕುವ ಮೊದಲೇ ಯಜಮಾನರು, "ಬಿಡಿ ಮೇಷ್ಟ್ರೇ, ಚಂದಾಗೈತೆ. ಶ್ರುತಿಪೆಟ್ಟಿಗೆ ಖರ್ಚು ಉಳೀತು" ಎಂದರು. ಪೇಟಿಯೇನೋ ಒಪ್ಪಿತು, ಗಂಟಲು ಒಪ್ಪಲಿಲ್ಲ. ಗಂಡಸರು ಮೇಲೆ ಕಿರುಚಿದರು, ಹೆಂಗಸರು ಕೆಳಗೆ ಗೊಣಗಿದರು. ಹೊಲದಲ್ಲಿ ಮಧ್ಯಕ್ಕೆ ಕಲ್ಲು ನೆಟ್ಟರೆ ಇಬ್ಬರಿಗೂ ಅರ್ಧರ್ಧ ಸಿಗುತ್ತದೆ. ಶ್ರುತಿಯಲ್ಲಿ ಇಬ್ಬರಿಗೂ ಏನೂ ಸಿಗಲಿಲ್ಲ.

ಆ ರಾತ್ರಿ ಬೀತೋವನ್ ನೆನಪಾದ. ಆತ 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಒಂದು ಕಚೇರಿ ಇಟ್ಟುಕೊಂಡು, ಕೊನೆಗಿರಲಿ ಎಂದು ಪಿಯಾನೊ, ಮೇಳ, ವಾದ್ಯವೃಂದಕ್ಕೆ ಒಂದು ಕೃತಿಯನ್ನು ಅವಸರದಲ್ಲಿ ಕಟ್ಟಿದ. ಆರಂಭದ ಪಿಯಾನೊ ಭಾಗವನ್ನು ಅಲ್ಲೇ ಕೂತು ನುಡಿಸಿಕೊಂಡ. ನಡುವೆ ವಾದ್ಯದವರು ದಾರಿ ತಪ್ಪಿದರು. ನಿಲ್ಲಿಸಿ ಮತ್ತೆ ಶುರು ಮಾಡಿಸಿದ. ನಮ್ಮ ಕಡೆಯಾಗಿದ್ದರೆ ಜನ ಒನ್ಸ್ ಮೋರ್ ಎಂದುಕೊಳ್ಳುತ್ತಿದ್ದರು. ದುಡ್ಡು ಕೊಡುವವರಲ್ಲೂ ಬಗೆಗಳಿವೆ. ನಮ್ಮ ಜಯಚಾಮರಾಜ ಒಡೆಯರು ಮೆಟ್ನರ್ ಎಂಬ ರಷ್ಯದವನ ಪಿಯಾನೊ ಸಂಗೀತವನ್ನು ಲಂಡನ್ನಿನಲ್ಲಿ ರೆಕಾರ್ಡು ಮಾಡಿಸಲು ದುಡ್ಡು ಕೊಟ್ಟರು. ಆತ ತನ್ನ ಮೂರನೆಯ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಹೇಮಾವತಿಯನ್ನು ಸೇರಿಸು ಎಂದು ಮಹಾರಾಜರು ಅವನಿಗೆ ಹೇಳಿದಂತಿಲ್ಲ.

ನಿದ್ದೆ ಬಾರದೆ ಪೇಟಿಯ ಮೇಲೆ ಬೆರಳಿಟ್ಟೆ, ತಿದಿ ಒತ್ತದೆ. ಒಂದು ಮನೆಯ ಮಧ್ಯಮಾವತಿ: ಬಿಳಿ ಒಂದು, ಎರಡು, ನಾಲ್ಕು, ಐದು, ಆಮೇಲೆ ಕೊನೆಯ ಕಪ್ಪು. ಐದು ಮನೆಯದು: ಬಿಳಿ ಐದು, ಆರು, ಮತ್ತೆ ಒಂದು, ಎರಡು, ನಾಲ್ಕು. ಅಯ್ಯೋ, ನಾಲ್ಕು ಮನೆ ಎರಡಕ್ಕೂ ಒಂದೇ! ಕೊನೆಯ ಕಪ್ಪನ್ನು ಬಿಟ್ಟು ಪಕ್ಕದ ಬಿಳಿ ಆರನ್ನು ಹಿಡಿದರೆ ಗಂಡಸರ ಪಂಚಮ ಹೆಂಗಸರ ಷಡ್ಜವಾಗುತ್ತದೆ. ಬಿಳಿ ಮೂರರ ಗೊಡವೆ ಎರಡರಲ್ಲೂ ಇಲ್ಲ. ಅವರು ಒಂದು ನುಡಿ ಅವರ ಮನೆಯಲ್ಲಿ ಹಾಡಲಿ, ಇವರು ಒಂದು ನುಡಿ ಇವರ ಮನೆಯಲ್ಲಿ. ನಡುವಿನ ಓಣಿಯಲ್ಲಿ ಪೇಟಿ ಒಂಟಿಯಾಗಿ ಓಡಾಡಿಕೊಂಡಿರಲಿ. ರಾಮ ಗಂಡಸರಿಗೆ, ಕೆರೆಯ ಗಂಗೆ ಹೆಂಗಸರಿಗೆ. ಈಶ್ವರನ ತಲೆಯ ಮೇಲೆ ಗಂಗೆ ಹೇಗೂ ಇರುವುದರಿಂದ ಅವನೂ ಅವರ ಪಾಲಿಗೇ ಹೋದ. ಎರಡು ನದಿಗಳನ್ನು ಒಂದೇ ಸಾಲಿನಲ್ಲಿ ಹರಿಸಿದೆ.

ಬಾಗಿನದ ದಿನ ಕೋಡಿಯ ಪಕ್ಕದಲ್ಲೇ ಶಾಮಿಯಾನ. ನೀರಿನ ಮೊರೆತಕ್ಕೆ ಮೈಕಿನವನು ಸೋತಿದ್ದ. ಮೊರದ ಬಾಗಿನ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು ಹುರುಪಿನಲ್ಲಿ ಗಂಡಸರ ನುಡಿ ಮುಗಿಯುವ ಮೊದಲೇ ಎತ್ತಿಬಿಟ್ಟರು; ನನ್ನ ಓಣಿ ಅರ್ಧಕ್ಕೇ ಮುಚ್ಚಿಹೋಯಿತು. ಎರಡು ಮನೆಯವರೂ ಒಟ್ಟಿಗೆ ಹಾಡಿದ ಆ ಹತ್ತು ಸೆಕೆಂಡು ನಾನು ಬರೆದದ್ದಲ್ಲ. ಚೆನ್ನಾಗಿದ್ದದ್ದು ಅದೇ.

ಊಟದ ಪಂಕ್ತಿಯಲ್ಲಿ ಯಜಮಾನರು ಉಳಿದ ಹಣ ಕೊಟ್ಟು, ಎರಡು ಇಡುಗಾಯಿ ಚೂರು ಎಲೆಯ ತುದಿಗಿಟ್ಟರು. "ಹಾಡು ಗಟ್ಟಿಯಾತು ಮೇಷ್ಟ್ರೇ. ಬರೋ ವರ್ಷ ಕೆರೆ ತುಂಬಿದ್ರೆ ಇದೇ ಸಾಕು. ತುಂಬದಿದ್ರೆ ಅಂತ ಒಂದು ಮಳೆ ಹಾಡು ಕಟ್ಟಿಡಿ, ಈಗ್ಲೇ."

ಮಳೆಗೆ ಅಮೃತವರ್ಷಿಣಿಯೇ ಆಗಬೇಕು. ಗಂಡಸರು ಒಂದು ಮನೆಯಲ್ಲೇ ಹಾಡುತ್ತಾರೆ, ಅಮೃತವರ್ಷಿಣಿಗೆ ಅಂತರ ಗಾಂಧಾರ ಬೇಕೇ ಬೇಕು. ಮಾರನೆಯ ದಿನ ಪೇಟಿಗೆ ಟವಲು ಸುತ್ತಿ, ತುಮಕೂರಿನ ಬಸ್ಸು ಹತ್ತಿದೆ.